ತೊಟ್ಟಿಲಿನಿಂದ ಡೇರೆಗೆ

ರಜೆಯ ದಿನಗಳು ಹತ್ತಿರವಾದವೆಂದರೆ ಪಟ್ಟಣದ ಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಈಚೆಗೆ ಆ ಮಾತಿನಲ್ಲಿ ಹೊಸದೊಂದು ಬಯಕೆಯೂ ಸೇರಿಕೊಂಡಿದೆ. ಹೋಟೆಲಿನ ಕೋಣೆ ಬೇಡ, ಬಂಧುಗಳ ಮನೆಯ ಗದ್ದಲವೂ ಬೇಡ. ಹೊಳೆಯ ಹತ್ತಿರವೋ ಹೊಲದ ನಡುವೆಯೋ ಒಂದು ಡೇರೆ ಹೂಡಿ, ನಕ್ಷತ್ರಗಳನ್ನು ನೋಡುತ್ತ ಒಂದು ರಾತ್ರಿಯನ್ನು ಕಳೆಯಬೇಕು ಎಂಬ ಬಯಕೆ. ಮದುವೆಯಾದ ಹೊಸದರಲ್ಲಿ ಇದು ಸುಲಭವೇ ಸರಿ. ಆದರೆ ಮನೆಯಲ್ಲಿ ಒಂದೂವರೆ ವರುಷದ ಮಗುವೊಂದು ಈಗತಾನೆ ನಡೆಯಲು ಕಲಿತು, ಕಂಡುದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿರುವಾಗ?

ಅಂಥದೊಂದು ಸಂಸಾರವನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಗಂಡಹೆಂಡಿರಿಬ್ಬರಿಗೂ ಬೆಂಗಳೂರಿನಲ್ಲಿ ಉದ್ಯೋಗ. ಗಂಡನ ತಾಯಿ ಇರುವುದು ಬೆಳಗಾವಿಯಿಂದ ಸುಮಾರು 50 ಕಿಲೋಮೀಟರು ದೂರದ ಸಂಕೇಶ್ವರದಲ್ಲಿ. ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಹಿರಣ್ಯಕೇಶಿಯ ದಂಡೆ, ಶಂಕರಲಿಂಗನ ಗುಡಿ, ಮೆಣಸಿನಕಾಯಿಯ ಹೆಸರು, ಸಕ್ಕರೆಯ ಕಾರ್ಖಾನೆ ಎಲ್ಲವೂ ಉಳ್ಳ ಊರು. ಡಿಸೆಂಬರ್ ರಜೆಗೆ ಬಂದ ಮಗ ಡೇರೆಯ ಮಾತು ತೆಗೆದೊಡನೆ ತಾಯಿ ಏನೆನ್ನುವಳೆಂಬುದು ಎಲ್ಲರಿಗೂ ತಿಳಿದುದೇ ಆಗಿದೆ.

“ಮನಿ ಇದ್ದವರು ಅಡವ್ಯಾಗ ಯಾಕ ಮಲಗಬೇಕೋ ತಮ್ಮಾ? ಕೂಸಿಗೆ ಥಂಡಿ ಹತ್ತಿದರ ಯಾರು ನೋಡಾವ್ರು?”

ಮಗನಿಗೆ ಉತ್ತರ ಹೊಳೆಯದು. ಸೊಸೆಯ ಮನಸ್ಸಿನಲ್ಲಿಯೂ ಅದೇ ಭಯವುಂಟು, ಹೇಳಿಕೊಂಡಿಲ್ಲ, ಅಷ್ಟೆ. ಅಜ್ಜಿಯ ಪ್ರಶ್ನೆಯನ್ನು ಹಳೆಯ ಕಾಲದವರ ಅಂಜಿಕೆಯೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವವರೆಗೆ ಡೇರೆಯನ್ನು ಚೀಲದಿಂದ ಹೊರತೆಗೆಯದಿರುವುದೇ ಲೇಸು.

ಹೊಸದೇನೂ ಅಲ್ಲ

ವಿಚಾರಿಸಿ ನೋಡಿದರೆ, ಎಳೆಯ ಮಕ್ಕಳೊಡನೆ ಬಯಲಿನಲ್ಲಿ ಬಿಡಾರ ಹೂಡುವುದು ಆ ಸೀಮೆಯವರಿಗೆ ಹೊಸದೇನೂ ಅಲ್ಲ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಘಮಾಸದ ಹುಣ್ಣಿಮೆಯ ಹೊತ್ತಿಗೆ ಮಾಯಕ್ಕನ ಜಾತ್ರೆ ನೆರೆಯುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಗಳಿಂದ ಭಕ್ತರು ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬಂದವರು ಬಯಲಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಇಟ್ಟು ಒಲೆ ಹೂಡಿ, ಚಕ್ಕಡಿಯ ನೆರಳಿನಲ್ಲಿಯೇ ಸಂಸಾರ ತೆರೆಯುವುದುಂಟು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಹೋಗುವವರ ಕ್ರಮವೂ ಹೀಗೆಯೇ. ಈ ಜನರ ನಡುವೆ ಮೊಲೆಯುಣ್ಣುವ ಕೂಸುಗಳೂ ಇದ್ದೇ ಇರುತ್ತವೆ. ಗಾಡಿಯ ಮೂಕಿಗೋ ಮರದ ಕೊಂಬೆಗೋ ಸೀರೆಯ ಜೋಲಿ ಕಟ್ಟಿದರೆ ಅವುಗಳ ತೊಟ್ಟಿಲು ಸಿದ್ಧವಾಯಿತು.

ಬೆಳಗಾವಿ ಜಿಲ್ಲೆಯ ಕುರುಬರ ಸಂಸಾರಗಳು ವರುಷದ ಬಹುಭಾಗವನ್ನು ಬಯಲಿನಲ್ಲಿಯೇ ಕಳೆಯುತ್ತವೆ. ಕುರಿಹಿಂಡಿನೊಡನೆ ಊರಿಂದೂರಿಗೆ ನಡೆಯುತ್ತ, ರಾತ್ರಿ ಯಾವನೋ ರೈತನ ಹೊಲದಲ್ಲಿ ಹಿಂಡನ್ನು ತರುಬಿ, ಗೊಬ್ಬರದ ಪ್ರತಿಫಲವಾಗಿ ಕಾಳನ್ನೋ ಹಣವನ್ನೋ ಪಡೆದು, ಮರುದಿನ ಮುಂದಿನ ಊರಿಗೆ ಸಾಗುತ್ತಾರೆ. ಪಾತ್ರೆ, ಕಂಬಳಿ, ಕೋಳಿ, ಕುರಿಮರಿಗಳ ಜೊತೆಗೆ ಚಿಕ್ಕ ಮಗುವೂ ಕುದುರೆಯ ಬೆನ್ನ ಮೇಲೆ ಕುಳಿತು ಪ್ರಯಾಣ ಮಾಡುವ ನೋಟವನ್ನು ಆ ದಾರಿಯಲ್ಲಿ ಓಡಾಡಿದವರು ಕಂಡಿರಬಹುದು. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕಿಕೊಂಡು ಬದುಕುವ ಕಬ್ಬು ಕಡಿಯುವ ತಂಡಗಳಲ್ಲಿಯೂ ಎಳೆಯ ಮಕ್ಕಳುಂಟು. ಅವರದು ವಿನೋದವಲ್ಲ, ಹೊಟ್ಟೆಯ ಪಾಡು. ಒಂದು ರಾತ್ರಿಯ ಸುಖಕ್ಕಾಗಿ ಡೇರೆ ಹೂಡುವವರು ಅದನ್ನು ಮರೆಯಲಾಗದು. ಆದರೂ ಆ ತಾಯಂದಿರಿಗೆ ತಿಳಿದ ವಿದ್ಯೆಯೊಂದನ್ನು ಪಟ್ಟಣದವರು ಕಲಿಯಬಹುದಾಗಿದೆ.

ಪಶ್ಚಿಮದಲ್ಲಿಯೂ ಕಥೆ ಬೇರೆಯಲ್ಲ. ವಿಹಾರಕ್ಕಾಗಿ ಡೇರೆವಾಸ ಮಾಡುವ ಪದ್ಧತಿಗೆ ಮೂಲಪುರುಷನೆನಿಸಿದ ಥಾಮಸ್ ಹೈರಮ್ ಹೋಲ್ಡಿಂಗ್ ಲಂಡನ್ನಿನ ದರ್ಜಿ. ಆತ 1901ರಲ್ಲಿ ಸೈಕಲ್ ಸವಾರ ಶಿಬಿರಗಾರರ ಸಂಘವನ್ನು ಕಟ್ಟಿ, 1908ರಲ್ಲಿ ಆ ವಿಷಯವಾಗಿ ದೊಡ್ಡ ಕೈಪಿಡಿಯನ್ನೇ ಬರೆದನು. ಆದರೆ ಆತನಿಗೆ ಡೇರೆಯ ಮೊದಲ ಪಾಠವಾದುದು 1853ರಲ್ಲಿ, ಬಾಲಕನಾಗಿ ಬಂಡಿಗಳ ಸಾಲಿನೊಡನೆ ಅಮೆರಿಕದ ಹುಲ್ಲುಗಾವಲುಗಳನ್ನು ದಾಟಿದಾಗ. ಅಲ್ಲಿಯೂ ಹೊಟ್ಟೆಪಾಡಿನ ಬಿಡಾರ ಮೊದಲು, ವಿನೋದದ ಬಿಡಾರ ಆಮೇಲೆ.

ಹಾಗಾದರೆ ಜಾತ್ರೆಯ ಬಯಲಿನಲ್ಲಿ ಕೂಸು ನಿದ್ದೆಹೋಗುವುದು ಹೇಗೆ? ಸ್ಥಳ ಹೊಸದಾದರೂ ಅದರ ರಾತ್ರಿ ಹಳೆಯದು, ಗುಟ್ಟು ಇಷ್ಟೆ. ಅದೇ ಕೌದಿ, ಅದೇ ಜೋಲಿ, ಅದೇ ಹೊತ್ತಿಗೆ ಅದೇ ಹಾಲು, ಅದೇ ಮೈಯ ವಾಸನೆ, ಅದೇ ಕೊರಳಿನ ಜೋಗುಳ. ದೊಡ್ಡವರಿಗೆ ಬೇಕಾದುದು ಬದಲಾವಣೆ, ಎಳೆಯ ಮಗುವಿಗೆ ಬೇಕಾದುದು ಬದಲಾಗದಿರುವಿಕೆ. ಇವೆರಡನ್ನೂ ಒಂದೇ ಡೇರೆಯಲ್ಲಿ ಹೊಂದಿಸುವುದೇ ತಾಯಿತಂದೆಗಳ ಜಾಣ್ಮೆ.

ಕಾಲ ಮತ್ತು ಸ್ಥಳ

ಮಳೆಗಾಲದಲ್ಲಿ ಈ ಆಲೋಚನೆಯನ್ನೇ ಮಾಡಬಾರದು. ಹಿರಣ್ಯಕೇಶಿ ಹುಟ್ಟುವುದು ಸಹ್ಯಾದ್ರಿಯ ಅಂಬೋಲಿಯ ಬಳಿ. ಅಲ್ಲಿ ಮಳೆ ಸುರಿದರೆ ಸಂಕೇಶ್ವರದಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. 2019ರ ಆಗಸ್ಟಿನ ಮಹಾಪೂರದಲ್ಲಿ ಊರಿನ ತಗ್ಗು ಭಾಗಗಳಿಗೆ ನೀರು ನುಗ್ಗಿದುದನ್ನು ಅಲ್ಲಿಯ ಜನ ಮರೆತಿಲ್ಲ. ಬೇಸಗೆಯ ಬಿಸಿಲು ಹಸುಳೆಯ ಮೈಗೆ ಸಲ್ಲದು. ನವೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲವೇ ಯೋಗ್ಯವಾದುದು, ಚಳಿಯೊಂದನ್ನು ಗೆದ್ದರಾಯಿತು.

ಸುತ್ತಮುತ್ತ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರು ಎತ್ತರದಿಂದ ಧುಮುಕುತ್ತಾಳೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅದೇ ನದಿಗೆ ಕಟ್ಟಿದ, 1977ರಲ್ಲಿ ಪೂರ್ಣಗೊಂಡ ಜಲಾಶಯವುಂಟು. ಧೂಪದಾಳದ ಒಡ್ಡಿನ ಹಿನ್ನೀರಿನಲ್ಲಿ 1974ರಲ್ಲಿ ಘೋಷಿತವಾದ ಪಕ್ಷಿಧಾಮವಿದ್ದು, ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ಬಂದಿಳಿಯುತ್ತವೆ. ಆದರೆ ಇವೆಲ್ಲವೂ ಹಗಲಿನಲ್ಲಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನೋಡತಕ್ಕ ಸ್ಥಳಗಳು. ಜಲಪಾತದ ಬಂಡೆಗಳ ಮೇಲೆ ನಡೆಯಲು ಕಲಿಯುತ್ತಿರುವ ಮಗುವನ್ನು ಇಳಿಸಲಾಗದು. ಅಣೆಕಟ್ಟಿನ ಕೆಳಭಾಗದಲ್ಲಿ ನೀರು ಬಿಟ್ಟಾಗ ನದಿಯ ಮಟ್ಟ ಒಮ್ಮೆಲೇ ಏರುತ್ತದೆ. ಜಲಾಶಯದ ದಂಡೆಯಲ್ಲಾಗಲಿ ಪಕ್ಷಿಧಾಮದಲ್ಲಾಗಲಿ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆಯಿಲ್ಲದೆ ಡೇರೆ ಹೂಡುವುದು ಸರಿಯಲ್ಲ.

ಮೊದಲನೆಯ ರಾತ್ರಿಗೆ ಎಲ್ಲಕ್ಕಿಂತ ಉತ್ತಮವಾದ ಸ್ಥಳ ಅಜ್ಜಿಯ ಹೊಲವೇ. ಕೂಗಿದರೆ ಮನೆಗೆ ಕೇಳುವಷ್ಟು ಹತ್ತಿರ, ಮನೆಯ ದೀಪ ಕಣ್ಣಿಗೆ ಬೀಳದಷ್ಟು ದೂರ. ಸಗಣಿ ಸಾರಿಸಿ ಗಟ್ಟಿಮಾಡಿದ ಕಣವಿದ್ದರಂತೂ ಡೇರೆಗೆ ಅದಕ್ಕಿಂತ ಸಮವಾದ, ಸ್ವಚ್ಛವಾದ ನೆಲ ಬೇರೆ ಸಿಕ್ಕದು. ಕಬ್ಬಿನ ಗದ್ದೆಯ ಅಂಚು, ಮೇವಿನ ಬಣಿವೆಯ ಮಗ್ಗುಲು, ಕಲ್ಲುಗುಂಪೆಯ ಬದಿ ಇವು ಬೇಡ. ಇಲಿಯಿರುವಲ್ಲಿಗೆ ಹಾವೂ ಬರುತ್ತದೆ.

ಡೇರೆಯ ಗೂಟ ಬಡಿಯುವ ಮುನ್ನ ಗಂಡಹೆಂಡಿರಿಬ್ಬರೂ ಹೊಲವನ್ನು ಒಮ್ಮೆ ಸುತ್ತಿ ಬರಬೇಕು. ಕಟ್ಟೆಯಿಲ್ಲದ ಬಾವಿ, ಜಾರುವ ತಾಡಪತ್ರಿ ಹೊದಿಸಿದ ಕೃಷಿಹೊಂಡ, ನೀರು ತುಂಬಿದ ದನದ ದೋಣಿ, ಮುಚ್ಚಳವಿಲ್ಲದ ಕೊಳವೆಬಾವಿ ಇವುಗಳನ್ನು ನೋಡಿಕೊಳ್ಳುವುದಕ್ಕಾಗಿ. 2017ರ ಏಪ್ರಿಲಿನಲ್ಲಿ ಇದೇ ಜಿಲ್ಲೆಯ ಅಥಣಿ ತಾಲೂಕಿನಲ್ಲಿ ಆರು ವರುಷದ ಬಾಲಕಿಯೊಬ್ಬಳು ತೆರೆದ ಕೊಳವೆಬಾವಿಗೆ ಬಿದ್ದು ಪ್ರಾಣ ಕಳೆದುಕೊಂಡಳು. ಇನ್ನು ನೀರಿನ ವಿಷಯ. ಜಗತ್ತಿನಲ್ಲಿ ಮುಳುಗಿ ಸಾಯುವ ಅಪಾಯ ಅತಿಯಾಗಿರುವುದು ಒಂದರಿಂದ ನಾಲ್ಕು ವರುಷದ ಮಕ್ಕಳಿಗೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಯ ಮಗು ಮುಳುಗುವಾಗ ಕೂಗುವುದಿಲ್ಲ, ಸದ್ದೂ ಆಗುವುದಿಲ್ಲ. ಗೇಣುದ್ದ ನೀರೂ ಸಾಕು. ಆದ್ದರಿಂದ ನೀರಿನ ಬಳಿ ಮಗುವು ಕಣ್ಣಳತೆಯಲ್ಲಿದ್ದರೆ ಸಾಲದು, ಕೈಯಳತೆಯಲ್ಲಿರಬೇಕು. “ನೀನು ನೋಡುತ್ತಿದ್ದೀಯೆಂದು ನಾನು ತಿಳಿದಿದ್ದೆ” ಎಂಬ ಮಾತು ಗಂಡಹೆಂಡಿರ ನಡುವೆ ಹುಟ್ಟದಿರಲು, ಯಾವ ಹೊತ್ತಿಗೆ ಮಗುವಿನ ಕಾವಲು ಯಾರದೆಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಒಳ್ಳೆಯದು.

ಮನೆಯಲ್ಲೇ ತಾಲೀಮು

ಡೇರೆಯನ್ನು ಮಗು ಮೊದಲು ನೋಡಬೇಕಾದುದು ಕತ್ತಲಿನಲ್ಲಿ ಅಲ್ಲ. ಹೊರಡುವ ಎರಡು ಮೂರು ದಿನ ಮುಂಚೆಯೇ ಮನೆಯ ಅಂಗಳದಲ್ಲಿಯೋ ಮಹಡಿಯ ಮೇಲೆಯೋ ಅದನ್ನು ಹೂಡಿ, ಹಗಲಿನಲ್ಲಿ ಆಡಲು ಬಿಡಬೇಕು. ಒಳಹೊಕ್ಕು ಹೊರಬಂದು, ಬಟ್ಟೆಯ ಬಾಗಿಲನ್ನು ಎಳೆದು, ಅಲ್ಲಿಯೇ ಮಧ್ಯಾಹ್ನದ ನಿದ್ದೆಯನ್ನೂ ಒಮ್ಮೆ ಮಾಡಿದರೆ ಡೇರೆ ಮಗುವಿನ ಪಾಲಿಗೆ ಮನೆಯ ಇನ್ನೊಂದು ಕೋಣೆಯಾಗುತ್ತದೆ. ದೊಡ್ಡವರಿಗೂ ಇದರಿಂದ ಲಾಭವುಂಟು. ಯಾವ ಕೋಲು ಎಲ್ಲಿಗೆ ಎಂಬ ಜಗಳ ಅಂಗಳದಲ್ಲಿಯೇ ಮುಗಿದುಹೋಗುತ್ತದೆ.

ಸಾಮಾನಿನ ಪಟ್ಟಿ ಉದ್ದವಾಗಬೇಕಾದುದಿಲ್ಲ. ಮಗು ದಿನಾಲು ಹೊದೆಯುವ ಕೌದಿ, ಅದು ಬಿಡದೆ ಹಿಡಿದುಕೊಳ್ಳುವ ಗೊಂಬೆ, ಸೊಳ್ಳೆಪರದೆ, ಒಂದು ದಿನಕ್ಕೆ ಬೇಕೆನಿಸುವುದರ ಎರಡರಷ್ಟು ಬಟ್ಟೆ, ಕಿವಿ ಮುಚ್ಚುವ ಕುಲಾವಿ, ಬ್ಯಾಟರಿಯ ದೀಪ ಎರಡು, ಮಗುವಿನ ಮಾಮೂಲು ಔಷಧಿ. ಕೌದಿಯೊಂದನ್ನು ಮರೆತು ಉಳಿದುದೆಲ್ಲವನ್ನೂ ಒಯ್ದವರ ರಾತ್ರಿ ಸುಖಕರವಾಗದು.

ಬುತ್ತಿಯ ಮಾತು

ಉತ್ತರ ಕರ್ನಾಟಕದ ಬುತ್ತಿಯ ರುಚಿಗೆ ಎಣೆಯಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ, ಮೊಸರು ದೊಡ್ಡವರಿಗೆ ಧಾರಾಳವಾಗಿ ಸಾಕು. ಆದರೆ ಮಗುವಿಗೆ ಪ್ರವಾಸದಲ್ಲಿ ಹೊಸ ತಿನಿಸು ಬೇಡ. ಮನೆಯಲ್ಲಿ ದಿನಾಲು ಉಣ್ಣುವ ಮೆತ್ತನೆಯ ಅನ್ನ ಬೇಳೆ, ಹಾಲಿನಲ್ಲಿ ನೆನೆಸಿ ಹಿಸುಕಿದ ರೊಟ್ಟಿ, ಬಾಳೆಯ ಹಣ್ಣು ಇಷ್ಟೇ ಇರಲಿ. ಹಾಲನ್ನು ಮನೆಯಿಂದ ಹಿಂದಿನ ಹೊತ್ತು ಹೊತ್ತು ತರುವುದಕ್ಕಿಂತ, ಅಲ್ಲಿಯೇ ಕರೆದುದನ್ನು ಆಗಲೇ ಕಾಯಿಸಿ ಕುಡಿಸುವುದು ಮೇಲು.

ಗೋಕಾಕದ ಕಡೆಗೆ ಹೋದವರು ಕರದಂಟು ಕೊಳ್ಳದೆ ಬರುವುದುಂಟೇ? ಕೊಳ್ಳಲಿ, ಆದರೆ ಅದು ಮಗುವಿನ ಕೈಗೆ ಸಿಕ್ಕಬಾರದು. ಅದರಲ್ಲಿನ ಗಟ್ಟಿಯಾದ ಬಾದಾಮಿ, ಗೋಡಂಬಿ, ಅಂಟಿನ ತುಣುಕುಗಳು ಎಳೆಯ ಗಂಟಲಿನಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿಸಬಲ್ಲವು. ಇಡಿಯ ಶೇಂಗಾಬೀಜಕ್ಕೂ ಇದೇ ಮಾತು. ಐದು ವರುಷದ ವರೆಗೆ ಇಂಥವನ್ನು ಇಡಿಯಾಗಿ ಕೊಡಬಾರದೆಂಬುದು ವೈದ್ಯರ ಮತ.

ಕುಡಿಯುವ ನೀರು ಮಗ್ಗುಲ ಬಾವಿಯದಾದರೂ ಸರಿ, ಚೆನ್ನಾಗಿ ಮರಳುವಂತೆ ಒಂದು ನಿಮಿಷ ಕುದಿಸಿ ಆರಿಸಿಯೇ ಕೊಡಬೇಕು. ಒ.ಆರ್.ಎಸ್. ಪೊಟ್ಟಣಗಳು ಎರಡು ಮೂರು ಜೊತೆಯಲ್ಲಿರಲಿ. ದೊಡ್ಡ ಪೊಟ್ಟಣವೊಂದನ್ನು ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಕದಡಬೇಕೇ ಹೊರತು ಚಿಟಿಕೆ ಚಿಟಿಕೆಯಾಗಿ ಅಲ್ಲ. ಈ ಸಾಧಾರಣ ಉಪ್ಪುಸಕ್ಕರೆಯ ನೀರು ತನ್ನ ಮಹಿಮೆಯನ್ನು ತೋರಿಸಿದುದೂ ಒಂದು ಡೇರೆಯೂರಿನಲ್ಲಿಯೇ. 1971ರಲ್ಲಿ ಬಂಗಾಳದ ಬಂಗಾಂವ್‌ನಲ್ಲಿ ನಿರಾಶ್ರಿತರ ನಡುವೆ ವಾಂತಿಭೇದಿ ಹಬ್ಬಿದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಸೂಜಿಮದ್ದಿಗೆ ಕಾಯದೆ ಇದನ್ನೇ ಕುಡಿಸಿ, ನೂರಕ್ಕೆ ಸುಮಾರು 30ರಷ್ಟಿದ್ದ ಸಾವನ್ನು 4ಕ್ಕಿಂತ ಕೆಳಗೆ ಇಳಿಸಿದರು.

ಬೆಂಕಿ ಮತ್ತು ಹುಳುಹುಪ್ಪಡಿ

ಚಳಿಯ ರಾತ್ರಿ ಶೇಗಡಿಯ ಕೆಂಡ ಹಿತವೆನಿಸುವುದು ಸಹಜ. ಆದರೆ ಶೇಗಡಿಯಾಗಲಿ ಸ್ಟೋವಾಗಲಿ ಎಂದಿಗೂ ಡೇರೆಯ ಒಳಗೆ ಬರಕೂಡದು. ಕೆಂಡದಿಂದ ಹೊರಡುವ ಇಂಗಾಲದ ಮೋನಾಕ್ಸೈಡು ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. ಚಳಿಯನ್ನು ಕಾಯುವುದು ಬಟ್ಟೆಯಿಂದ. ನೆಲದ ತಣ್ಪು ಮೇಲೇರದಂತೆ ಕೆಳಗೊಂದು ಕಂಬಳಿ, ಮೇಲೆ ಮೈಗೆ ಹತ್ತುವ ಎರಡು ಮೂರು ತೆಳು ಉಡುಪುಗಳು. ಅಡಿಗೆಯ ಒಲೆ ಡೇರೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರ, ಗಾಳಿಯ ಕೆಳದಿಕ್ಕಿಗೆ ಇರಲಿ. ಮಲಗುವ ಮುನ್ನ ಬೂದಿಯ ಮೇಲೆ ನೀರು ಸುರಿಯಬೇಕು. ಮುಂಜಾನೆ ಮೊದಲು ಎದ್ದು ಓಡುವ ಮಗುವಿಗೆ ಬೂದಿಯೊಳಗಿನ ಕೆಂಡ ಕಾಣಿಸದು.

ರಾತ್ರಿ ಸಂಚರಿಸುವ ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನೇ ಕಚ್ಚುವುದು ಹೆಚ್ಚು. ನಾಲ್ಕು ಸುತ್ತೂ ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ ಸೊಳ್ಳೆಯನ್ನಷ್ಟೇ ಅಲ್ಲ, ಅದನ್ನೂ ತಡೆಯುತ್ತದೆ. ಡೇರೆಯ ಬಾಗಿಲು ಸದಾ ಮುಚ್ಚಿರಬೇಕು. ಬೂಟು ಚಪ್ಪಲಿಗಳನ್ನು ಕೊಡವಿಯೇ ಮೆಟ್ಟಬೇಕು. ಕೆಂಪು ಚೇಳಿನ ಕುಟುಕು ಎಳೆಯ ಮಕ್ಕಳ ಹೃದಯಕ್ಕೆ ಅಪಾಯಕರವೆಂಬುದನ್ನೂ, ತಕ್ಕ ಮದ್ದು ಬೇಗ ದೊರೆತರೆ ಜೀವ ಉಳಿಯುತ್ತದೆಂಬುದನ್ನೂ ಕೊಂಕಣದ ಮಹಾಡದಲ್ಲಿ ದುಡಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಲೋಕಕ್ಕೆ ತೋರಿಸಿಕೊಟ್ಟರು. ಹಾವಾಗಲಿ ಚೇಳಾಗಲಿ ಕಚ್ಚಿದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರಕ್ಕೆ ಕಾಯುವುದು ಇವೊಂದೂ ಬೇಡ. ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ 2008ರಿಂದ 108ರ ಆಂಬುಲೆನ್ಸ್ ಸೇವೆಯುಂಟು. ಹತ್ತಿರದ ಆಸ್ಪತ್ರೆ ಯಾವುದು, ಹೊಲಕ್ಕೆ ವಾಹನ ಬರುವ ದಾರಿ ಯಾವುದು ಎಂಬುದನ್ನು ಹಗಲಿನಲ್ಲಿಯೇ ತಿಳಿದಿರಬೇಕು.

ಆ ರಾತ್ರಿ

ಇಷ್ಟನ್ನೂ ಮಗ ಒಂದೊಂದಾಗಿ ವಿವರಿಸಿದ ಮೇಲೆಯೂ ಅಜ್ಜಿಯ ಮುಖ ಸಡಿಲಲಿಲ್ಲವೆಂದೇ ಇಟ್ಟುಕೊಳ್ಳಬಹುದು. ಆಗ ಸೊಸೆ ಕೇಳಬಹುದಾದ ಪ್ರಶ್ನೆಯೊಂದುಂಟು.

“ಅತ್ತಿ, ಚಿಂಚಲಿ ಜಾತ್ರಿಗೆ ಹೋದಾಗ ಇವರು ಎಷ್ಟು ದೊಡ್ಡವರಿದ್ದರು?”

“ಇವನಾ? ಇನ್ನಾ ಮೊಲಿ ಕುಡೀತಿದ್ದ. ಚಕ್ಕಡಿ ಕೆಳಗ ಮೂರು ರಾತ್ರಿ ಮಲಗಿದ್ವಿ. ಹುಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಗೆ ತನ್ನ ಮಾತು ತನಗೇ ಕೇಳಿಸುತ್ತದೆ. ಆಮೇಲೆ ಆಕೆ ಬೇಡವೆನ್ನಲಾರಳು. ಕೌದಿ ಮಡಿಚಲು ಏಳುವಳು. ಬಯಲಿನ ವಾಸದ ಪುಸ್ತಕಗಳನ್ನು ಓದಿದವರು ಮಗ ಸೊಸೆ, ಬಯಲಿನಲ್ಲಿ ಮಗುವನ್ನು ಮಲಗಿಸಿದವಳು ಅಜ್ಜಿ. ಎಷ್ಟೋ ಮನೆಗಳಲ್ಲಿ ಈ ವಿದ್ಯೆ ತಿಳಿದವರು ಮಗ್ಗುಲಲ್ಲಿಯೇ ಇದ್ದು, ಕೇಳುವವರಿಲ್ಲದೆ ಸುಮ್ಮನಿರುತ್ತಾರೆ.

ಸಂಜೆ ಬೆಳಕಿರುವಾಗಲೇ ಡೇರೆ ಸಿದ್ಧವಾಗಿ, ಮಗುವಿನ ಊಟ ಮುಗಿದಿರಬೇಕು. ಒಂದೆರಡು ವರುಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ದೆ ಅವಶ್ಯಕ. ನಕ್ಷತ್ರ ತೋರಿಸುವ ಆಸೆಯಿಂದ ಅದನ್ನು ಹತ್ತರ ವರೆಗೆ ಎಚ್ಚರವಿರಿಸಿದವರು ನಕ್ಷತ್ರದ ಬದಲು ಅಳುವನ್ನೇ ಕೇಳಬೇಕಾಗುತ್ತದೆ. ಮನೆಯಲ್ಲಿ ಎಂಟಕ್ಕೆ ಮಲಗುವ ಮಗು ಹೊಲದಲ್ಲಿಯೂ ಎಂಟಕ್ಕೆ ಮಲಗಲಿ. ನಕ್ಷತ್ರಗಳು ತಾಯಿತಂದೆಗಳಿಗೆ ಇರಲಿ.

ಹೀಗೆಲ್ಲ ಮಾಡಿದರೂ ನಡುರಾತ್ರಿ ಎದ್ದ ಮಗು ಕತ್ತಲಿಗೆ ಬೆದರಿ, ಜೋಗುಳಕ್ಕೂ ಬಗ್ಗದೆ, ಒಂದೇ ಸಮನೆ ಅಳಬಹುದು. ಆಗ ಗಂಡಸಿನ ಹಟವೂ ಹೆಂಗಸಿನ ಕಣ್ಣೀರೂ ಕೂಡಿಕೊಂಡರೆ ವಿನೋದವು ವ್ರತವಾಗಿಬಿಡುತ್ತದೆ. ಅಂಥ ಸಮಯಕ್ಕೆಂದೇ ಮೊದಲ ಡೇರೆ ಅಜ್ಜಿಯ ಮನೆಯ ಹತ್ತಿರ ಇರತಕ್ಕದ್ದು. ಮಗುವನ್ನು ಕೌದಿಯಲ್ಲಿ ಸುತ್ತಿಕೊಂಡು, ದೀಪ ಹಿಡಿದು, ಬದುವಿನ ಮೇಲೆ ನಡೆದು ಮನೆಗೆ ಮರಳುವುದು ಸೋಲಲ್ಲ. ಒಲ್ಲದ ರಾತ್ರಿಯನ್ನು ಹೇರಿಸಿಕೊಂಡ ಮಗು ಡೇರೆಯೆಂದರೆ ಅಂಜುವುದನ್ನು ಕಲಿಯುತ್ತದೆ; ಸಮಯಕ್ಕೆ ಮನೆಗೆ ಬಂದ ಮಗು ಮುಂದಿನ ವರುಷ ತಾನೇ ಡೇರೆಯ ಬಾಗಿಲು ತೆರೆಯುತ್ತದೆ. ಬಾಗಿಲ ಅಗುಳಿ ಹಾಕದೆ ಮಲಗಿದ್ದ ಅಜ್ಜಿಯೂ “ನಾ ಹೇಳಿರಲಿಲ್ಲೇನು” ಎಂಬ ಮಾತನ್ನು ನಾಲಗೆಯ ತುದಿಯಲ್ಲಿಯೇ ತಡೆದುಕೊಂಡರೆ, ಮಕ್ಕಳ ಮೇಲೆ ಆಕೆ ಮಾಡಿದ ದೊಡ್ಡ ಉಪಕಾರವಾದೀತು.

ಒಂದು ವೇಳೆ ಮಗು ಮಲಗಿಯೇಬಿಟ್ಟರೆ ಮುಂಜಾನೆಯ ಸುಖ ಬೇರೆಯೇ. ಆರಕ್ಕೆಲ್ಲ ಎದ್ದು, ಡೇರೆಯ ಬಟ್ಟೆಯ ಮೇಲಿನ ಇಬ್ಬನಿಯನ್ನು ಬೆರಳಿನಿಂದ ಗೀಚಿ, ಎತ್ತಿನ ಕೊರಳಿನ ಗಂಟೆಯ ಕಡೆಗೆ ಕೈತೋರಿ, ಬಾರದ ಮಾತಿನಲ್ಲಿ ಏನನ್ನೋ ವಿವರಿಸುವ ಮಗುವಿಗೆ ತಾನು ಪ್ರವಾಸಕ್ಕೆ ಬಂದಿರುವೆನೆಂಬ ಅರಿವಿಲ್ಲ. ದೊಡ್ಡದಾಗಿ ಬೆಳೆದ ಮೇಲೆ ಈ ಮುಂಜಾನೆ ಅದರ ನೆನಪಿನಲ್ಲಿ ಉಳಿಯಲಾರದು. ನೆನಪಿಡುವವರು ಚಹದ ಬಟ್ಟಲು ಹಿಡಿದು ನಿಂತ ತಾಯಿತಂದೆಗಳು. ಮನೆಯಿಂದ ಬಿಸಿ ಹಾಲಿನ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸೂರ್ಯನಿಗಿಂತ ಮೊದಲೇ ಹೊಲದ ಹಾದಿ ಹಿಡಿದು ಬರುತ್ತಿರುವ ಅಜ್ಜಿ.